ಹಾರ್ಟ್ ಎಂಜಿನ್‌ಗಳ ಲೆಕ್ಕ: ಒಂದು ಸಂಶೋಧನಾ ಟಿಪ್ಪಣಿ

ಫಾರ್ಮುಲಾ ಒನ್ ದಾಖಲೆ ಪುಸ್ತಕಗಳಲ್ಲಿ ಎಂಜಿನ್ ತಯಾರಕರಿಗೆಂದೇ ಒಂದು ಪಟ್ಟಿ ಇರುತ್ತದೆ. ಫೆರಾರಿ, ಫೋರ್ಡ್, ರೆನೊ, ಮರ್ಸಿಡಿಸ್, ಹೊಂಡಾಗಳನ್ನು ದಾಟಿ ಸಾಕಷ್ಟು ಕೆಳಗಿಳಿದರೆ ಹಾರ್ಟ್ ಎಂಬ ಸಾಲು ಸಿಗುತ್ತದೆ. ಗೆಲುವು ಸೊನ್ನೆ. ಪೋಲ್, ಅಂದರೆ ಆರಂಭದ ಸಾಲಿನ ಮೊದಲ ಜಾಗ, 2. ಪಂದ್ಯದ ಅತಿವೇಗದ ಸುತ್ತು 2. ಮೊದಲ ಮೂವರಲ್ಲಿ ಒಬ್ಬರಾಗಿ ಬಂದದ್ದು 5 ಸಲ. ಒಟ್ಟು ಅಂಕ 63.

ಈ ಸಾಲಿನ ಹಿಂದಿರುವ ಬ್ರಯನ್ ಹಾರ್ಟ್ 2014ರ ಜನವರಿ 5ರಂದು, ತಮ್ಮ 77ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಬಂದ ಸ್ಮರಣ ಲೇಖನಗಳು ಬಹುಪಾಲು ಒಂದೇ ಜಾಡು ಹಿಡಿದವು. ದುಡ್ಡಿಲ್ಲದ ಸಣ್ಣ ಕಾರ್ಖಾನೆ, ಎದುರಿಗೆ ದೈತ್ಯ ಕಂಪನಿಗಳು, ಗೆಲುವು ದಕ್ಕದಿದ್ದರೂ ಗೌರವ ದಕ್ಕಿತು ಎಂಬ ಧಾಟಿ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಗೌರವ ಏಕೆ ದಕ್ಕಿತು ಎಂಬುದಕ್ಕೆ ಆ ಧಾಟಿಯಲ್ಲಿ ಉತ್ತರವಿಲ್ಲ. ಸೋತವರೆಲ್ಲರಿಗೂ ಈ ರಂಗದಲ್ಲಿ ಗೌರವ ಸಿಕ್ಕಿಲ್ಲ. ದಾಖಲೆಯ ಆ ಸಾಲು ಹಾರ್ಟ್ ಅವರ ಕೆಲಸದ ಎಷ್ಟು ಭಾಗವನ್ನು ಹಿಡಿಯುತ್ತದೆ, ಹಿಡಿದ ಭಾಗವನ್ನಾದರೂ ನಾವು ಸರಿಯಾಗಿ ಓದುತ್ತಿದ್ದೇವೆಯೇ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಆ ಸಾಲು ಅವರ ವೃತ್ತಿಜೀವನದ ನಡುವಿನ ತುಂಡು ಮಾತ್ರ. ಅದಕ್ಕೆ ಮುಂಚಿನ ಕೆಲಸವೂ ಕೊನೆಯ ಕೆಲಸವೂ ಬೇರೆಯವರ ಹೆಸರಿನಲ್ಲಿ ದಾಖಲಾಗಿವೆ.

ಹಾರ್ಟ್ ಹುಟ್ಟಿದ್ದು 1936ರಲ್ಲಿ, ಲಂಡನ್ನಿನ ಉತ್ತರದ ಎನ್‌ಫೀಲ್ಡ್‌ನಲ್ಲಿ. ಕೆಲಸ ಕಲಿತದ್ದು ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯಲ್ಲಿ. ಅದರ ಜೊತೆಯಲ್ಲೇ ರೇಸು. ಫೋರ್ಡ್‌ನ ಹಳೆಯ 1172 ಸಿಸಿ ಎಂಜಿನ್ ಹಾಕಿಕೊಂಡು ಓಡಿಸುವ ಅಗ್ಗದ ದರ್ಜೆಯೊಂದು ಆಗ ಇಂಗ್ಲೆಂಡಿನಲ್ಲಿತ್ತು. ಲೆನ್ ಟೆರಿ ರೂಪಿಸಿದ ಟೆರಿಯರ್ ಎಂಬ ಪುಟ್ಟ ಕಾರಿನಲ್ಲಿ 1959ರಲ್ಲಿ ಅವರು ಆ ದರ್ಜೆಯ ಪಂದ್ಯಗಳನ್ನು ಸಾಲಾಗಿ ಗೆದ್ದರು. ಮುಂದೆ ಫಾರ್ಮುಲಾ ಟೂ ತನಕ ಏರಿದರು. 1967ರ ಜರ್ಮನ್ ಗ್ರಾಂಪ್ರಿಯಲ್ಲಿ ಫಾರ್ಮುಲಾ ಒನ್ ಕಾರುಗಳ ಜೊತೆಗೆ ಫಾರ್ಮುಲಾ ಟೂ ಕಾರುಗಳನ್ನೂ ಓಡಲು ಬಿಟ್ಟಿದ್ದರು. ಹಾಗಾಗಿ ಆ ನ್ಯೂರ್‌ಬರ್ಗ್‌ರಿಂಗ್ ಪಂದ್ಯದಲ್ಲಿ ಚಾಲಕರಾಗಿಯೂ ಹಾರ್ಟ್ ಹೆಸರಿದೆ. ಓಡಿಸಿದ್ದು ಪ್ರೊಟೊಸ್ ಎಂಬ ಕಾರು, ಫ್ರ್ಯಾಂಕ್ ಕಾಸ್ಟಿನ್ ಪ್ಲೈವುಡ್‌ನಲ್ಲಿ ಕಟ್ಟಿದ್ದು. ಮರದ ಕಾರು ಎಂದರೆ ಇಂದು ನಗು ಬರಬಹುದು. ಆದರೆ ಡಿ ಹ್ಯಾವಿಲೆಂಡ್‌ನಲ್ಲಿ ಪಳಗಿದವರಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಾರದು. ಎರಡನೆಯ ಮಹಾಯುದ್ಧದ ಮಾಸ್ಕಿಟೊ ವಿಮಾನವನ್ನು ಆ ಕಂಪನಿ ಮರದಿಂದಲೇ ಕಟ್ಟಿತ್ತು.

ಫ್ರ್ಯಾಂಕ್‌ನ ತಮ್ಮ ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಸೇರಿ 1958ರಲ್ಲಿ ಕಾಸ್ವರ್ತ್ ಕಂಪನಿ ಕಟ್ಟಿದ್ದರು. ಹಾರ್ಟ್ 1960ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದರು. ಅದು ಎಂಥ ಕಾಲ ಎಂಬುದನ್ನು ನೆನಪಿಡಬೇಕು. 1966ರಲ್ಲಿ ಎಫ್‌ವಿಎ ಬಂತು: ಫೋರ್ಡ್‌ನ ಮಾಮೂಲಿ ಬ್ಲಾಕಿನ ಮೇಲೆ ಒಂದೊಂದು ಸಿಲಿಂಡರಿಗೂ ನಾಲ್ಕು ವಾಲ್ವುಗಳ ಹೆಡ್ಡು ಕೂರಿಸಿದ 1.6 ಲೀಟರ್ ಫಾರ್ಮುಲಾ ಟೂ ಎಂಜಿನ್. ಮರುವರ್ಷ ಡಿಎಫ್‌ವಿ ಬಂತು. 1967ರ ಜೂನ್ 4ರಂದು ಝಾಂಡ್‌ವೂರ್ಟ್‌ನಲ್ಲಿ ಮೊದಲ ಪಂದ್ಯದಲ್ಲೇ ಗೆದ್ದು, 1983ರ ಹೊತ್ತಿಗೆ 155 ಗ್ರಾಂಪ್ರಿ ಗೆದ್ದ ಎಂಜಿನ್ ಅದು. 155ರಷ್ಟನ್ನೂ ದಾಖಲೆಗಳು ಫೋರ್ಡ್ ಲೆಕ್ಕಕ್ಕೆ ಬರೆದಿವೆ. ರೂಪಿಸಿದ್ದು ಡಕ್‌ವರ್ತ್, ದುಡ್ಡು ಕೊಟ್ಟದ್ದು ಫೋರ್ಡ್. ಹೆಸರು ದುಡ್ಡಿನ ಬೆನ್ನು ಹತ್ತುವ ಪದ್ಧತಿ ಹಾರ್ಟ್ ಕಾಲಿಡುವ ಮೊದಲೇ ಗಟ್ಟಿಯಾಗಿತ್ತು.

1969ರಲ್ಲಿ ಹಾರ್ಟ್ ಎಸೆಕ್ಸ್‌ನ ಹಾರ್ಲೊದಲ್ಲಿ ತಮ್ಮದೇ ಕಾರ್ಖಾನೆ ತೆರೆದರು. ಮೊದಲ ಕೆಲಸ ಕಾಸ್ವರ್ತ್ ಎಂಜಿನ್‌ಗಳನ್ನು ಬಿಚ್ಚಿ ಮತ್ತೆ ಕಟ್ಟುವುದು. ರೇಸಿನ ಎಂಜಿನ್ ಕೆಲವೇ ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿಸಿಕೊಳ್ಳುತ್ತದೆ. ಬೇರಿಂಗು, ರಿಂಗು, ವಾಲ್ವ್ ಸ್ಪ್ರಿಂಗುಗಳನ್ನು ಬದಲಿಸಬೇಕು, ಕ್ರ್ಯಾಂಕಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೇ ನೋಡಬೇಕು, ಜೋಡಿಸಿದ ಮೇಲೆ ಬೆಂಚಿನಲ್ಲಿ ಓಡಿಸಿ ಶಕ್ತಿ ಅಳೆಯಬೇಕು. ಒಂದೇ ಕಾರ್ಖಾನೆಯಿಂದ, ಒಂದೇ ನಕ್ಷೆಯ ಮೇಲೆ ಹೊರಬಂದ ಎರಡು ಎಂಜಿನ್‌ಗಳು ಬೇರೆ ಬೇರೆ ಕೈಗಳಲ್ಲಿ ಬೇರೆ ಬೇರೆಯಾಗಿ ಓಡುತ್ತವೆ. ಯಾರ ಬಳಿ ಕಟ್ಟಿಸಿದ್ದು ಎಂಬ ಪ್ರಶ್ನೆ ತಂಡಗಳಿಗೆ ಜೀವನ್ಮರಣದ್ದಾಗಿತ್ತು. ನ್ಯೂಜಿಲೆಂಡಿನಿಂದ ಬಂದ ಜಾನ್ ನಿಕಲ್ಸನ್, ಸ್ವಿಟ್ಜರ್ಲೆಂಡಿನ ಹೈನಿ ಮಾಡರ್, ರಗ್ಬಿ ಊರಿನ ಜಾನ್ ಜಡ್ ಇವರೆಲ್ಲ ಈ ಕಸುಬಿನ ಹೆಸರಾಂತರು. ಆದರೆ ದಾಖಲೆಯಲ್ಲಿ ಈ ಕೆಲಸಕ್ಕೆ ಅಂಕಣವೇ ಇಲ್ಲ. ನಿಕಲ್ಸನ್ ಕಟ್ಟಿದ ಡಿಎಫ್‌ವಿ ಗೆದ್ದರೂ ಫೋರ್ಡ್, ಮಾಡರ್ ಕಟ್ಟಿದ್ದು ಗೆದ್ದರೂ ಫೋರ್ಡ್.

ಹಾರ್ಟ್ ಅವರ ವಿಷಯದಲ್ಲಿ ಈ ಮರೆ ಇನ್ನೂ ದಟ್ಟ. ಬರಿಯ ಜೋಡಣೆಗೆ ಅವರು ನಿಲ್ಲಲಿಲ್ಲ. ಬಿಡಿಎ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. 1969ರಲ್ಲಿ ಕಾಸ್ವರ್ತ್ ಹೊರತಂದ ಈ 1.6 ಲೀಟರ್ ಎಂಜಿನ್ ಫೋರ್ಡ್ ಎಸ್ಕಾರ್ಟ್ ಆರ್‌ಎಸ್1600 ಕಾರಿಗೆ ಸೇರಿತು. ರ‍್ಯಾಲಿಗೆ ಎರಡು ಲೀಟರ್ ತನಕ ಅವಕಾಶವಿತ್ತು, ಆದರೆ ಬ್ಲಾಕು ಒಪ್ಪಲಿಲ್ಲ. ಅದು ಫೋರ್ಡ್‌ನ ಬೀಡುಕಬ್ಬಿಣದ ಬ್ಲಾಕು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಸುಮಾರು 77.6 ಮಿ.ಮೀ., ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 81ರ ಆಸುಪಾಸು. ಆ ದೂರವನ್ನು ಬದಲಿಸದೆ ಎರಡು ಲೀಟರ್ ಮುಟ್ಟಬೇಕಾದರೆ ಬೋರನ್ನು 90 ಮಿ.ಮೀ.ಗಿಂತ ತುಸು ಹೆಚ್ಚಿಗೇ ಹಿಗ್ಗಿಸಬೇಕು ಎಂಬುದು ಸುಲಭದ ಗುಣಾಕಾರ. ಆದರೆ ನಾಲ್ಕು ಸಿಲಿಂಡರುಗಳು ಒತ್ತಾಗಿ ನಿಂತ ಬ್ಲಾಕಿನಲ್ಲಿ ಅಷ್ಟು ಬೋರ್ ಹೊಡೆದರೆ ನಡುವಿನ ಗೋಡೆಯೇ ಉಳಿಯುವುದಿಲ್ಲ. ಕಬ್ಬಿಣದ ಬ್ಲಾಕಿನಲ್ಲಿ 1.8 ಲೀಟರಿಗೆ ಬಂದು ನಿಲ್ಲಬೇಕಾಗುತ್ತಿತ್ತು. ಹಾರ್ಟ್ ಅಲ್ಯೂಮಿನಿಯಂನಲ್ಲಿ ಬೇರೆ ಬ್ಲಾಕನ್ನೇ ಎರಕ ಹೊಯ್ಸಿದರು. ಎರಡು ಲೀಟರ್ ದಕ್ಕಿತು, ಕಾರಿನ ಮೂತಿಯ ಭಾರವೂ ಇಳಿಯಿತು.

1972ರ ಕೊನೆಗೆ ರೋಜರ್ ಕ್ಲಾರ್ಕ್ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿ ಗೆದ್ದದ್ದು ಈ ಅಲ್ಯೂಮಿನಿಯಂ ಬ್ಲಾಕಿನ ಎಸ್ಕಾರ್ಟ್‌ನಲ್ಲಿ. ಅಲ್ಲಿಂದ 1979ರ ತನಕ ಎಂಟು ವರ್ಷ ಆ ರ‍್ಯಾಲಿಯನ್ನು ಎಸ್ಕಾರ್ಟ್ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. 1979ರಲ್ಲಿ ಫೋರ್ಡ್ ವಿಶ್ವ ರ‍್ಯಾಲಿ ತಯಾರಕರ ಪ್ರಶಸ್ತಿಯನ್ನೂ ಗೆದ್ದಿತು. ಈ ಗೆಲುವುಗಳೆಲ್ಲ ಹಾರ್ಟ್ ಅವರವು ಎಂದರೆ ಅತಿಶಯೋಕ್ತಿಯಾಗುತ್ತದೆ. ಹೆಡ್ಡು ಕಾಸ್ವರ್ತ್‌ನ ಮೈಕ್ ಹಾಲ್ ರೂಪಿಸಿದ್ದು, ಕಾರು ಫೋರ್ಡ್‌ನದು, ಕಾಡಿನ ಕೆಸರಿನಲ್ಲಿ ಓಡಿಸಿದ್ದು ಕ್ಲಾರ್ಕ್, ಮಾಕಿನೆನ್, ವಾಲ್ಡೆಗಾರ್ಡ್, ಮಿಕ್ಕೊಲಾರಂಥವರು. ಆದರೆ ಕಬ್ಬಿಣದ ಬ್ಲಾಕಿಗೇ ಜೋತುಬಿದ್ದಿದ್ದರೆ ಆ ಕಾರಿಗೆ ಅಷ್ಟು ಆಯಸ್ಸು ಇರುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾರ್ಟ್ ಬಗ್ಗೆ ಬರೆದವರು 1984ರ ಮೊನಾಕೊ ಪಂದ್ಯದ ಮಳೆಗೆ ನಾಲ್ಕು ಪುಟ ಕೊಟ್ಟು ಈ ಬ್ಲಾಕಿಗೆ ನಾಲ್ಕು ಸಾಲು ಕೊಡುವುದು ನನಗೆ ಸರಿಕಂಡಿಲ್ಲ.

ಸ್ವಂತ ಹೆಸರಿನ ಎಂಜಿನ್ ಬಂದದ್ದು ಆಮೇಲೆ. ಹಾರ್ಟ್ ಇಡುತ್ತಿದ್ದ ಹೆಸರುಗಳಲ್ಲಿ ಗುಟ್ಟಿಲ್ಲ: 420ಆರ್ ಎಂದರೆ ನಾಲ್ಕು ಸಿಲಿಂಡರು, 2.0 ಲೀಟರು. 415ಟಿ ಎಂದರೆ ನಾಲ್ಕು ಸಿಲಿಂಡರು, 1.5 ಲೀಟರು, ಟರ್ಬೊ. 1035 ಎಂದರೆ ಹತ್ತು ಸಿಲಿಂಡರು, 3.5 ಲೀಟರು. 830, ಎಂಟು ಸಿಲಿಂಡರು, 3.0 ಲೀಟರು. 420ಆರ್ ಫಾರ್ಮುಲಾ ಟೂಗೆ ಮಾಡಿದ್ದು. 1980ರಲ್ಲಿ ಟೋಲ್ಮನ್ ತಂಡದ ಬ್ರಯನ್ ಹೆಂಟನ್ ಯುರೋಪಿಯನ್ ಫಾರ್ಮುಲಾ ಟೂ ಪ್ರಶಸ್ತಿ ಗೆದ್ದರು, ಅದೇ ತಂಡದ ಡೆರೆಕ್ ವಾರ್ವಿಕ್ ಎರಡನೆಯವರಾದರು. ಎರಡೂ ಕಾರುಗಳಲ್ಲಿ ಹಾರ್ಟ್ ಎಂಜಿನ್. ಬಿಎಂಡಬ್ಲ್ಯು ವರ್ಷಗಟ್ಟಲೆ ಮೆರೆದಿದ್ದ ದರ್ಜೆ ಅದು. 'ಹಾರ್ಟ್ ಎಂದೂ ಗೆದ್ದಿಲ್ಲ' ಎಂದು ಬರೆಯುವವರು 'ಫಾರ್ಮುಲಾ ಒನ್‌ನಲ್ಲಿ' ಎಂದು ಸೇರಿಸುವುದನ್ನು ಮರೆಯುತ್ತಾರೆ.

ಟೋಲ್ಮನ್ ಕಾರು ಸಾಗಣೆಯ ಕಂಪನಿ. ಫಾರ್ಮುಲಾ ಟೂ ಗೆದ್ದ ಹುರುಪಿನಲ್ಲಿ ಅವರು 1981ರಲ್ಲಿ ಫಾರ್ಮುಲಾ ಒನ್‌ಗೆ ನುಗ್ಗಿದರು, ಹಾರ್ಟ್ ಅವರನ್ನೂ ಜೊತೆಗೆ ಎಳೆದುಕೊಂಡರು. ಆಗ ಅಲ್ಲಿ ಟರ್ಬೊ ಎಂಜಿನ್ ಓಡಿಸುತ್ತಿದ್ದವರು ರೆನೊ ಮತ್ತು ಫೆರಾರಿ, ಬರಲು ಸಿದ್ಧವಾಗುತ್ತಿದ್ದದ್ದು ಬಿಎಂಡಬ್ಲ್ಯು. ಎಲ್ಲರೂ ಕಾರು ತಯಾರಿಸುವ ಕಂಪನಿಗಳು. ಹಾರ್ಲೊದ ಕಾರ್ಖಾನೆಗೆ ಅಂಥ ಬೆನ್ನಾಸರೆ ಇರಲಿಲ್ಲ. ಮೊದಲ ವರ್ಷ ಆದದ್ದನ್ನು ಅಂಕಿಗಳಲ್ಲೇ ಹೇಳಬಹುದು. ಇಮೋಲಾದಿಂದ ಲಾಸ್ ವೇಗಸ್‌ವರೆಗೆ 12 ಪಂದ್ಯ, ಪ್ರತಿ ಪಂದ್ಯಕ್ಕೆ ಎರಡು ಕಾರು, ಒಟ್ಟು 24 ಪ್ರಯತ್ನ. ಅರ್ಹತೆ ಸಿಕ್ಕಿದ್ದು ಎರಡು ಸಲ. ಮೊಂಝಾದಲ್ಲಿ ಹೆಂಟನ್ ಹತ್ತನೆಯವರಾಗಿ ಮುಗಿಸಿದರು, ಲಾಸ್ ವೇಗಸ್‌ನಲ್ಲಿ ವಾರ್ವಿಕ್‌ಗೆ ಸಾಲಿನಲ್ಲಿ ನಿಲ್ಲಲು ಜಾಗ ಸಿಕ್ಕಿತು. ಭಾರದ ಆ ಕಾರಿಗೆ ಜನ 'ಹಾರುವ ಹಂದಿ' ಎಂದು ಹೆಸರಿಟ್ಟರು.

ಇಲ್ಲಿಂದ ಮುಂದಿನದು ಹಾರ್ಟ್ ಅವರ ಎಂಜಿನಿಯರಿಂಗ್‌ನ ತಿರುಳು, ಹಾಗಾಗಿ ತುಸು ನಿಧಾನಿಸುತ್ತೇನೆ. ಟರ್ಬೊ ಎಂಜಿನ್ನಿನ ಸಮಸ್ಯೆ ಶಕ್ತಿ ಹುಟ್ಟಿಸುವುದಕ್ಕಿಂತ ಹುಟ್ಟಿದ ಶಕ್ತಿಯನ್ನು ಒಳಗೇ ಹಿಡಿದಿಡುವುದರಲ್ಲಿದೆ. ಹೊಗೆಕೊಳವೆಯ ಬಿಸಿಗಾಳಿ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಕಂಬಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ತುಂಬಿದಷ್ಟೂ ಒಳಗಿನ ಸ್ಫೋಟದ ಒತ್ತಡ ಹೆಚ್ಚುತ್ತದೆ, ಬ್ಲಾಕಿನ ಮೇಲೆ ಬೋಲ್ಟು ಹಾಕಿ ಬಿಗಿದ ಹೆಡ್ಡನ್ನು ಆ ಒತ್ತಡ ಮೇಲಕ್ಕೆ ಎತ್ತಲು ನೋಡುತ್ತದೆ. ಎರಡರ ನಡುವೆ ಇರುವುದು ಒಂದು ತೆಳ್ಳನೆಯ ಗ್ಯಾಸ್ಕೆಟ್ಟು. ಬೆಂಗಳೂರಿನ ಯಾವ ಗ್ಯಾರೇಜಿಗೆ ಹೋದರೂ 'ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್' ಎಂಬ ಮಾತು ಕೇಳಿದ ಮಾಲೀಕನ ಮುಖ ಸಪ್ಪಗಾಗುತ್ತದೆ. ರೇಸಿನಲ್ಲಾದರೆ ಆ ದಿನದ ಪಂದ್ಯ ಅಲ್ಲಿಗೇ ಮುಗಿಯಿತು. ಬೋಲ್ಟು ದಪ್ಪ ಮಾಡಬಹುದು, ಗ್ಯಾಸ್ಕೆಟ್ಟಿನ ಬದಲು ಲೋಹದ ಬಳೆ ಕೂರಿಸಬಹುದು. ಹಾರ್ಟ್ ಆ ಕೂಡುಗೆರೆಯನ್ನೇ ಇಲ್ಲವಾಗಿಸಿದರು. ಹೆಡ್ಡು, ಬ್ಲಾಕು ಎರಡನ್ನೂ ಒಂದೇ ತುಂಡಾಗಿ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದರು. ಬಿಚ್ಚುವ ಹೆಡ್ಡೇ ಇಲ್ಲ, ಹೋಗುವುದಕ್ಕೆ ಗ್ಯಾಸ್ಕೆಟ್ಟೂ ಇಲ್ಲ.

ಈ ಉಪಾಯ ಹೊಸದೆಂದು ಹೇಳುವ ಬರಹಗಳಿವೆ. ಅದು ಸರಿಯಲ್ಲ. ಅಮೆರಿಕದಲ್ಲಿ ಹ್ಯಾರಿ ಮಿಲ್ಲರ್, ಫ್ರೆಡ್ ಆಫೆನ್‌ಹೌಸರ್, ನಕ್ಷೆಗಾರ ಲಿಯೊ ಗೂಸನ್ ಸೇರಿ ಕಟ್ಟಿದ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲೂ ಹೆಡ್ಡು ಬ್ಲಾಕಿಗೆ ಅಂಟಿಕೊಂಡೇ ಇತ್ತು. ಇಂಡಿಯಾನಾಪೊಲಿಸ್‌ನಲ್ಲಿ ಅದು ಟರ್ಬೊ ಕಾಲದವರೆಗೂ ಬಾಳಿದ್ದಕ್ಕೆ ಇದೂ ಒಂದು ಕಾರಣ. ಹಾರ್ಟ್ ಅವರ ಹೆಗ್ಗಳಿಕೆ ಹಳೆಯ ಉಪಾಯವನ್ನು ಸರಿಯಾದ ಹೊತ್ತಿನಲ್ಲಿ, ತಮ್ಮ ಕೈಗೆಟಕುವ ಖರ್ಚಿನಲ್ಲಿ ಆರಿಸಿಕೊಂಡದ್ದರಲ್ಲಿದೆ. ಅದಕ್ಕೂ ಬೆಲೆ ತೆರಬೇಕಿತ್ತು. ಮಾಮೂಲಿ ಎಂಜಿನ್ನಿನಲ್ಲಿ ಹೆಡ್ಡು ಕಳಚಿ ಮೇಜಿನ ಮೇಲೆ ಮಗುಚಿ ಹಾಕಿ ವಾಲ್ವ್ ಸೀಟುಗಳನ್ನು ಕಟಿಂಗ್ ಮಾಡುತ್ತಾರೆ. ಇಲ್ಲಿ ಸಿಲಿಂಡರಿನ ಬಾಯಿಂದ, ಅಂದರೆ ಕೆಳಗಿನಿಂದ ಉದ್ದ ಕೈಯ ಹತಾರ ತೂರಿಸಿ, ಆಳದ ತಳದಲ್ಲಿ ಕೆಲಸ ಮಾಡಬೇಕು. ವಾಲ್ವನ್ನೂ ಅದೇ ದಾರಿಯಲ್ಲಿ ಒಳಗೆ ಬಿಡಬೇಕು. ಸಿಲಿಂಡರಿಗೆ ಒಂದೇ ಬಾಯಿ ಇರುವುದರಿಂದ ಬೋರನ್ನು ನಯ ಮಾಡುವ ಕಲ್ಲು ಆಚೆ ಬದಿಗೆ ಹಾಯುವಂತಿಲ್ಲ. ಎರಕದಲ್ಲಿ ಒಂದು ಕಡೆ ಗುಳ್ಳೆ ಬಿದ್ದರೆ ಇಡೀ ತುಂಡು ಗುಜರಿಗೆ. ಪಂದ್ಯದ ಮೈದಾನದಲ್ಲಿ ಹೆಡ್ಡು ಬದಲಿಸಿಕೊಳ್ಳುವ ಸವಲತ್ತೂ ಇಲ್ಲ.

ಟರ್ಬೊ ಯಂತ್ರಕ್ಕೂ ಒಂದು ಕತೆಯಿದೆ. ಮೊದಮೊದಲು ಅಮೆರಿಕದ ಗ್ಯಾರೆಟ್ ಕಂಪನಿಯ ಟರ್ಬೊ, 1983ರ ಹೊತ್ತಿಗೆ ಹಾಲ್‌ಸೆಟ್. ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಹಾಲ್‌ಸೆಟ್ ಲಾರಿ ಎಂಜಿನ್‌ಗಳಿಗೆ ಟರ್ಬೊ ಮಾಡುವ ಕಂಪನಿ. ಮುಂದೆ ಟಾಟಾ ಜೊತೆ ಸೇರಿ ಮಧ್ಯಪ್ರದೇಶದ ದೇವಾಸ್‌ನಲ್ಲೂ ಕಾರ್ಖಾನೆ ಹಾಕಿತು, ನಮ್ಮ ಲಾರಿ ಮೆಕ್ಯಾನಿಕ್‌ಗಳಿಗೆ ಆ ಹೆಸರು ಪರಿಚಿತ. ದೊಡ್ಡ ಕಂಪನಿಗಳು ರೇಸಿಗೆಂದೇ ಟರ್ಬೊ ಮಾಡಿಸಿಕೊಳ್ಳುತ್ತಿದ್ದಾಗ ಹಾರ್ಟ್ ಲಾರಿಯವರ ಬಾಗಿಲು ತಟ್ಟಿದರು. 1983ರ ಕೊನೆಯ ಭಾಗದಲ್ಲಿ ವಾರ್ವಿಕ್ ಝಾಂಡ್‌ವೂರ್ಟ್‌ನಲ್ಲಿ ನಾಲ್ಕನೆಯವರಾಗಿ ತಂಡಕ್ಕೆ ಮೊದಲ ಅಂಕ ತಂದರು. ಅಲ್ಲಿಂದ ಮೊಂಝಾ, ಬ್ರಾಂಡ್ಸ್ ಹ್ಯಾಚ್, ಕ್ಯಾಲಾಮಿ ಎನ್ನುತ್ತ ಸತತವಾಗಿ ಅಂಕ ಬಂದು ವರ್ಷ 10ಕ್ಕೆ ಮುಗಿಯಿತು. 24ರಲ್ಲಿ 22 ಸಲ ಅರ್ಹತೆಯನ್ನೇ ಕಾಣದ ಎಂಜಿನ್ನಿಗೆ ಇದು ಎರಡು ವರ್ಷಗಳ ದಾರಿ.

ಈಗ ಮೊನಾಕೊ. 1984ರ ಜೂನ್ 3, ಜಡಿಮಳೆ. ಟೋಲ್ಮನ್ ಸೇರಿ ಕೆಲವೇ ತಿಂಗಳಾಗಿದ್ದ ಆಯ್ರ್ಟನ್ ಸೆನ್ನಾ 13ನೆಯ ಜಾಗದಿಂದ ಹೊರಟು ಎರಡನೆಯ ಜಾಗಕ್ಕೆ ಬಂದು, ಮುಂದಿದ್ದ ಅಲೈನ್ ಪ್ರಾಸ್ಟ್ ಅವರನ್ನು ಹಿಡಿಯುವ ಹೊತ್ತಿಗೆ ಪಂದ್ಯ ನಿಲ್ಲಿಸಲಾಯಿತು. 31 ಸುತ್ತಿಗೆ ಫಲಿತಾಂಶ ಕಟ್ಟಿ ಮಾಮೂಲಿನ ಅರ್ಧದಷ್ಟೇ ಅಂಕ ಕೊಟ್ಟರು. ಹಾರ್ಟ್ ಬಗೆಗಿನ ಎಲ್ಲ ಬರಹಗಳಲ್ಲೂ ಇದೇ ಶಿಖರ. ಎಂಜಿನ್ನಿನ ಗುಣಕ್ಕೆ ಸಾಕ್ಷಿಯಾಗಿ ಮಾತ್ರ ಈ ಪಂದ್ಯವನ್ನು ನಾನು ಒಪ್ಪಲಾರೆ. ಆ ದಿನ ಸೆನ್ನಾಗಿಂತಲೂ ಚುರುಕಾಗಿ ಹಿಂದಿನಿಂದ ಬರುತ್ತಿದ್ದವರು ಸ್ಟೀಫನ್ ಬೆಲಾಫ್. ಅವರ ಟಿರಲ್ ಕಾರಿನಲ್ಲಿದ್ದದ್ದು ಟರ್ಬೊ ಇಲ್ಲದ ಕಾಸ್ವರ್ತ್, ಮೈದಾನದಲ್ಲೇ ಕಡಿಮೆ ಶಕ್ತಿಯ ಎಂಜಿನ್. ನೀರು ನಿಂತ ರಸ್ತೆಯಲ್ಲಿ ಶಕ್ತಿ ಹೆಚ್ಚಿದ್ದವನೇ ಗೆಲ್ಲುವನೆಂದಿಲ್ಲ ಎಂಬುದಕ್ಕೆ ಇನ್ನೇನು ಬೇಕು? ಮೊನಾಕೊ ಸೆನ್ನಾ ಬಗ್ಗೆ ಬಹಳ ಹೇಳುತ್ತದೆ, 415ಟಿ ಬಗ್ಗೆ ಕಡಿಮೆ.

ಎಂಜಿನ್ನಿನ ಸಾಕ್ಷ್ಯ ಬೇಕಾದವರು ಅದೇ ವರ್ಷದ ಒಣ ರಸ್ತೆಯ ಪಂದ್ಯಗಳನ್ನು ನೋಡಬೇಕು. ಬ್ರಾಂಡ್ಸ್ ಹ್ಯಾಚ್‌ನಲ್ಲಿ ಸೆನ್ನಾ ಮೂರನೆಯವರು. ಎಸ್ಟೊರಿಲ್‌ನಲ್ಲಿ ಹೊರಟದ್ದೂ ಮೂರನೆಯ ಜಾಗದಿಂದ, ಮುಗಿಸಿದ್ದೂ ಮೂರನೆಯವರಾಗಿ. ಇವೆರಡಕ್ಕಿಂತ ನನಗೆ ಮುಖ್ಯವಾದದ್ದು ಮೊಂಝಾ. ಸೆನ್ನಾ ಲೋಟಸ್ ಜೊತೆ ಒಪ್ಪಂದ ಮಾಡಿಕೊಂಡರೆಂದು ತಂಡ ಮುನಿದು ಆ ಪಂದ್ಯಕ್ಕೆ ಅವರನ್ನು ಕೂರಿಸಿತ್ತು. ಹಾಗಾಗಿ ಪ್ರತಿಭೆಯೆಂಬ ಗೊಂದಲವನ್ನು ಪಕ್ಕಕ್ಕಿಟ್ಟು ಎಂಜಿನ್ನನ್ನು ನೋಡಬಹುದಾದ ಅಪರೂಪದ ಪಂದ್ಯ ಅದು. ಉದ್ದುದ್ದ ನೇರ ರಸ್ತೆಗಳ, ಎಂಜಿನ್ನಿನ ಶಕ್ತಿಯನ್ನೂ ಬಾಳಿಕೆಯನ್ನೂ ಒರೆಗೆ ಹಚ್ಚುವ ಆ ಮೈದಾನದಲ್ಲಿ ಸ್ಟೀಫನ್ ಯೊಹಾನ್ಸನ್ ನಾಲ್ಕನೆಯವರಾದರು. ಗೆದ್ದವರಿಗಿಂತ ಎರಡು ಸುತ್ತು ಹಿಂದೆ, ನಿಜ. ಅನೇಕರು ಕೆಟ್ಟು ನಿಂತಿದ್ದರು, ಅದೂ ನಿಜ. ಆದರೆ ಮೊಂಝಾದಲ್ಲಿ ಕೆಡದೆ ಉಳಿಯುವುದೇ ಎಂಜಿನ್ ಕಟ್ಟುವವನ ಪರೀಕ್ಷೆ. ಟರ್ಬೊ ಯುಗದ ಅಶ್ವಶಕ್ತಿಯ ಅಂಕಿಗಳನ್ನು ಈ ಟಿಪ್ಪಣಿಯಲ್ಲಿ ಬಳಸಿಲ್ಲ. ಅವು ಹೇಳುವವರ ಬಾಯಿಗೆ ತಕ್ಕಂತೆ ಹಿಗ್ಗುತ್ತವೆ.

1982ರ ಎರಡು ಘಟನೆಗಳಿಗೂ ಇದೇ ಜರಡಿ ಹಿಡಿಯಬೇಕು. ಬ್ರಾಂಡ್ಸ್ ಹ್ಯಾಚ್‌ನಲ್ಲಿ ವಾರ್ವಿಕ್ ಫೆರಾರಿಯನ್ನು ಹಿಂದಿಕ್ಕಿ ಎರಡನೆಯ ಜಾಗಕ್ಕೇರಿದ್ದನ್ನು ತವರಿನ ಪ್ರೇಕ್ಷಕರು ಮರೆತಿಲ್ಲ. ಟ್ಯಾಂಕು ಪೂರ್ತಿ ತುಂಬದೆ ಹಗುರ ಮಾಡಿ ಬಿಟ್ಟಿದ್ದರೆಂಬ ಮಾತು ಆಗಿನಿಂದಲೂ ಇದೆ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಅದೇ ವರ್ಷ ಝಾಂಡ್‌ವೂರ್ಟ್‌ನಲ್ಲಿ ವಾರ್ವಿಕ್ ಓಡಿಸಿದ ಅತಿವೇಗದ ಸುತ್ತನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ದಾಖಲೆಯಲ್ಲಿರುವ ಎರಡು ಪೋಲ್‌ಗಳ ನಡುವೆ ಯಾರೂ ಅಷ್ಟಾಗಿ ಗಮನಿಸದ ಹೋಲಿಕೆಯೊಂದಿದೆ. 1985ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಟಿಯೊ ಫಾಬಿ ಟೋಲ್ಮನ್‌ಗೆ ಪೋಲ್ ತಂದುಕೊಟ್ಟರು. 1994ರಲ್ಲಿ ಸ್ಪಾದಲ್ಲಿ ರುಬೆನ್ಸ್ ಬ್ಯಾರಿಕೆಲ್ಲೊ ಜೋರ್ಡನ್‌ಗೆ ತಂದುಕೊಟ್ಟರು. ಎರಡು ಸಲವೂ ಆದದ್ದು ಒಂದೇ: ಶುಕ್ರವಾರ ಬಂದ ಸಮಯ, ಶನಿವಾರ ಮಳೆ, ಯಾರಿಗೂ ಅದನ್ನು ಮುರಿಯಲಾಗಲಿಲ್ಲ. ಆದರೆ ಎರಡರ ತೂಕ ಒಂದೇ ಅಲ್ಲ. ಫಾಬಿಯ ಶುಕ್ರವಾರ ಒಣಗಿತ್ತು, ಎಲ್ಲ ಟರ್ಬೊಗಳೂ ಪೂರ್ತಿ ಒತ್ತಡದಲ್ಲಿ ಓಡಿದ್ದವು. ವರ್ಷದ ಮೊದಲ ಮೂರು ಪಂದ್ಯಗಳಿಗೆ ಟೈರೇ ಸಿಗದೆ ಮನೆಯಲ್ಲಿ ಕುಳಿತಿದ್ದ ತಂಡ ಅಂದು ಎಲ್ಲರಿಗಿಂತ ವೇಗವಾಗಿತ್ತು. ಸ್ಪಾದ ಶುಕ್ರವಾರ ಹಾಗಲ್ಲ. ರಸ್ತೆ ಒಣಗುತ್ತಿತ್ತು, ಬ್ಯಾರಿಕೆಲ್ಲೊ ಕೊನೆಯ ಗಳಿಗೆಯಲ್ಲಿ ಒಣ ಟೈರು ಹಾಕಿ ಹೊರಟರು, ಆಯ್ಕೆ ಫಲಿಸಿತು. ಆಗ ಅವರಿಗೆ 22 ವರ್ಷ, ಅಷ್ಟು ಚಿಕ್ಕ ವಯಸ್ಸಿಗೆ ಪೋಲ್ ಹಿಡಿದವರು ಅದುವರೆಗೆ ಇರಲಿಲ್ಲ. ಅದು ತಂಡದ ಜಾಣತನದ ಪೋಲ್, ಎಂಜಿನ್ನಿನದೆಂದು ಸಾಧಿಸಲಾಗದು. ಸ್ಪಾಕ್ಕೆ ನಮ್ಮ ಕಡೆಯ ಬಾಲವೊಂದಿದೆ. ಕೈ ಬದಲಿಸುತ್ತ ಬಂದ ಅದೇ ಜೋರ್ಡನ್ ತಂಡವನ್ನು 2007ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಪಾಲುದಾರರೊಂದಿಗೆ ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಬಂದ ಒಂದೇ ಒಂದು ಪೋಲ್ 2009ರದು, ಜಾನ್‌ಕಾರ್ಲೊ ಫಿಸಿಕೆಲ್ಲಾ ಗಳಿಸಿದ್ದು, ಅದೂ ಸ್ಪಾದಲ್ಲೇ.

ಟರ್ಬೊ ದಿನಗಳಲ್ಲಿ ರ‍್ಯಾಮ್, ಸ್ಪಿರಿಟ್ ತಂಡಗಳೂ ಹಾರ್ಟ್ ಎಂಜಿನ್ ಕೊಂಡಿದ್ದವು. 1985ರ ಕೊನೆಗೆ ಅಮೆರಿಕದ ದುಡ್ಡಿನ ಬಿಯಾಟ್ರಿಸ್ ತಂಡವೂ ಬಂತು, ಫೋರ್ಡ್ ಎಂಜಿನ್ ತಯಾರಾಗುವವರೆಗೆ ಮಾತ್ರ. ಟೋಲ್ಮನ್ ತಂಡವನ್ನು ಬೆನೆಟನ್ ಕೊಂಡಿತು, 1986ಕ್ಕೆ ಬಿಎಂಡಬ್ಲ್ಯು ಎಂಜಿನ್ ತಂದಿತು. ಹಾರ್ಟ್ ಮತ್ತೆ ತಮ್ಮ ಹಳೆಯ ಕಸುಬಿಗೆ, ಕಾಸ್ವರ್ತ್ ಎಂಜಿನ್ ಕಟ್ಟುವುದಕ್ಕೆ ಮರಳಿದರು. ಟರ್ಬೊ ನಿಷೇಧವಾದ ಮೇಲೆ 3.5 ಲೀಟರಿನ ಡಿಎಫ್‌ಆರ್‌ಗಳು ಅವರ ಕೈಯಲ್ಲಿ ಹದಗೊಂಡು ಹಲವು ತಂಡಗಳಿಗೆ ಹೋದವು. ಯಥಾಪ್ರಕಾರ ಅವುಗಳ ಅಂಕ ಫೋರ್ಡ್ ಸಾಲಿಗೆ ಬಿತ್ತು.

1993ರ ವಿ10 ಎಂಜಿನ್ನೇ ಅವರ ಅತಿ ದೊಡ್ಡ ಸಾಹಸ ಎಂದು ನನ್ನ ಎಣಿಕೆ. ಹಿಂದಿನ ವರ್ಷ ಯಮಾಹಾ ವಿ12 ನಂಬಿ ಕೆಟ್ಟಿದ್ದ ಎಡ್ಡಿ ಜೋರ್ಡನ್‌ಗೆ 1035 ಸಿಕ್ಕಿತು. ಮೊದಲ ವರ್ಷ ಬರಿಯ 3 ಅಂಕ, ಅದೂ ಸುಝುಕಾ ಒಂದರಲ್ಲೇ. ಎರಡನೆಯ ವರ್ಷ ಐಡಾದಲ್ಲಿ ಬ್ಯಾರಿಕೆಲ್ಲೊ ಮೂರನೆಯವರಾದರು, ವರ್ಷದ ಕೊನೆಗೆ 28 ಅಂಕ, ತಂಡಗಳ ಪಟ್ಟಿಯಲ್ಲಿ ಐದನೆಯ ಜಾಗ. ಈ 28ನ್ನು ಒಂಟಿಯಾಗಿ ನೋಡಬಾರದು. ಆ ವರ್ಷ ತಂಡಗಳ ಪ್ರಶಸ್ತಿ ಗೆದ್ದ ವಿಲಿಯಮ್ಸ್ ಕಾರಿನಲ್ಲಿದ್ದ ರೆನೊ ವಿ10 ಫ್ರಾನ್ಸಿನ ಲಿಜಿಯೇ ತಂಡಕ್ಕೂ ಸಿಕ್ಕಿತ್ತು. ಲಿಜಿಯೇಗೆ ಬಂದದ್ದು 13 ಅಂಕ, ಅದರಲ್ಲಿ 10 ಅಂಕ ಅರ್ಧಕ್ಕರ್ಧ ಕಾರುಗಳು ಗುದ್ದಿಕೊಂಡು ಹೋದ ಜರ್ಮನಿಯ ಒಂದೇ ಪಂದ್ಯದಿಂದ. ಗ್ಯಾರಿ ಆಂಡರ್ಸನ್ ರೂಪಿಸಿದ ಜೋರ್ಡನ್ ಕಾರು ಚೆನ್ನಾಗಿತ್ತೆಂಬುದನ್ನು ಕಳೆದರೂ ಹಾರ್ಲೊದ ವಿ10 ನಾಚಿಕೆಪಡುವಂಥದ್ದಾಗಿರಲಿಲ್ಲ. ಮರುವರ್ಷ ಜೋರ್ಡನ್‌ಗೆ ಪಿಜೊ ಎಂಜಿನ್ ಸಿಕ್ಕಿತು. ದೊಡ್ಡ ಕಂಪನಿ ಕೈ ಚಾಚಿದಾಗ ಯಾವ ತಂಡವೂ ಒಲ್ಲೆ ಎನ್ನುವುದಿಲ್ಲ.

1995ರಲ್ಲಿ ನಿಯಮ 3 ಲೀಟರಿಗೆ ಇಳಿಯಿತು, ಹಾರ್ಟ್ ಎಂಟು ಸಿಲಿಂಡರಿನ 830 ಮಾಡಿದರು. ಫುಟ್‌ವರ್ಕ್ ತಂಡದ ಜಾನ್ನಿ ಮಾರ್ಬಿಡೆಲ್ಲಿ ಅಡಿಲೇಡ್‌ನಲ್ಲಿ ಮೂರನೆಯವರಾದರು. ಗೆದ್ದ ಡೇಮನ್ ಹಿಲ್ ಅಂದು ಎಲ್ಲರನ್ನೂ ಎರಡು ಸುತ್ತು ಹಿಂದಿಕ್ಕಿದ್ದರು. 1996ರಲ್ಲಿ ಯೋಸ್ ವೆರ್‌ಸ್ಟಾಪನ್‌ಗೆ ಒಂದೇ ಅಂಕ, 1997ರಲ್ಲಿ ಮಿನಾರ್ಡಿ ತಂಡಕ್ಕೆ ಅದೂ ಇಲ್ಲ.

ದಾಖಲೆಯ ಹಾರ್ಟ್ ಸಾಲು ಇಲ್ಲಿಗೆ ನಿಲ್ಲುತ್ತದೆ: 1983ರ 10, 1984ರ 16, 1993ರ 3, 1994ರ 28, 1995ರ 5, 1996ರ 1, ಒಟ್ಟು 63. ಹಾರ್ಟ್ ಮಾತ್ರ ನಿಲ್ಲಲಿಲ್ಲ. ಆ್ಯರೋಸ್ ತಂಡದ ಒಡೆಯ ಟಾಮ್ ವಾಕಿನ್‌ಶಾ ಹಾರ್ಟ್ ಕಾರ್ಖಾನೆಯನ್ನು ಕೊಂಡರು, 1998ರ ಕಾರಿಗೆ ಹಾರ್ಟ್ ಹೊಸ ವಿ10 ಮಾಡಿಕೊಟ್ಟರು. ಕವಚದ ಮೇಲೆ ಬಿದ್ದ ಹೆಸರು ಆ್ಯರೋಸ್. ಆ ವರ್ಷ ಮೊನಾಕೊದಲ್ಲಿ ಮಿಕಾ ಸಾಲೊ ನಾಲ್ಕನೆಯವರು, ಪೆಡ್ರೊ ಡಿನಿಜ್ ಆರನೆಯವರು. ಸ್ಪಾದಲ್ಲಿ ಡಿನಿಜ್ ಐದನೆಯವರು. ಒಟ್ಟು 6 ಅಂಕ. 1999ರ ಮೊದಲ ಪಂದ್ಯದಲ್ಲಿ ಪೆಡ್ರೊ ಡಿ ಲಾ ರೋಸಾಗೆ ಇನ್ನೊಂದು.

ಈ 7 ಅಂಕ ಹಾರ್ಟ್ ರೂಪಿಸಿದ ಎಂಜಿನ್ನಿನವು. ಅವನ್ನು 63ಕ್ಕೆ ಸೇರಿಸಿ 70 ಎಂದು ಸಾಲನ್ನು ತಿದ್ದಬೇಕೆಂದು ನಾನು ವಾದಿಸುತ್ತಿಲ್ಲ. ಹಾಗೆ ಹೊರಟರೆ ಫೋರ್ಡ್‌ನ 155ನ್ನು ಡಕ್‌ವರ್ತ್ ಹೆಸರಿಗೆ ಬರೆಯಬೇಕಾಗುತ್ತದೆ, ಪಟ್ಟಿಗೆ ತಲೆ ಬುಡ ಉಳಿಯುವುದಿಲ್ಲ. ತಯಾರಕರ ಪಟ್ಟಿ ಹೇಳುವುದು ಎಂಜಿನ್ ಯಾರ ಹೆಸರಲ್ಲಿ ನೋಂದಣಿಯಾಗಿದೆ ಎಂಬುದನ್ನು ಮಾತ್ರ. ಕಟ್ಟಿದವರ ಕೈಯನ್ನು ಹುಡುಕುವವರು ಆ ಪಟ್ಟಿಯನ್ನು ಪಕ್ಕಕ್ಕಿಟ್ಟು, 1972ರ ಅಲ್ಯೂಮಿನಿಯಂ ಬ್ಲಾಕಿನಿಂದ 1999ರ ಆ್ಯರೋಸ್ ತನಕ ಎರಕದ ತುಂಡುಗಳ ಜಾಡನ್ನೇ ಹಿಡಿಯಬೇಕು. 2000ದ ಪಂದ್ಯಗಳಿಗೆ ಆ್ಯರೋಸ್ ಆ ವಿ10 ಬಿಟ್ಟು ರೆನೊ ಮೂಲದ ಸೂಪರ್‌ಟೆಕ್ ಎಂಜಿನ್ ಹಾಕಿಕೊಂಡಿತು. ಹಾರ್ಟ್ ರೂಪಿಸಿದ ಎಂಜಿನ್ ಫಾರ್ಮುಲಾ ಒನ್‌ನಲ್ಲಿ ಮತ್ತೆ ಓಡಲಿಲ್ಲ.